ಡೆಲ್ಲಿಯ ವಿದೇಶಾಂಗ ಚರ್ಚೆ, ಶಿರಸಿಯ ಅಡಿಕೆ, ಕುಮಟಾದ ಸಿಗಡಿ: ಬಿಲ್ ಯಾರ ಹೆಸರಿಗೆ?

2024ರ ಜನವರಿಯಲ್ಲಿ ಮಾಲ್ಡೀವ್ಸ್ ಹೆಸರು ಎತ್ತಿದ್ರೆ ಸಾಕು, ಟಿವಿ ಸ್ಟುಡಿಯೋದಲ್ಲಿ ಬೆಂಕಿ ಬೀಳ್ತಿತ್ತು. ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಫೋಟೋ ಹಾಕಿದ್ದು, ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳು ಅದಕ್ಕೆ ಹಗುರವಾಗಿ ಮಾತಾಡಿ ಸಸ್ಪೆಂಡ್ ಆದದ್ದು, ನಮ್ಮವರು ಬಾಯ್ಕಾಟ್ ಮಾಲ್ಡೀವ್ಸ್ ಅಂತ ಟಿಕೆಟ್ ಕ್ಯಾನ್ಸಲ್ ಮಾಡಿ ಸ್ಕ್ರೀನ್‌ಶಾಟ್ ಹಾಕಿದ್ದು ಎಲ್ಲ ನೆನಪಿರಬಹುದು. ಅಧ್ಯಕ್ಷ ಮುಯಿಝು ‘ಇಂಡಿಯಾ ಔಟ್’ ಹೇಳಿಯೇ ಗೆದ್ದು ಬಂದವರು, ಭಾರತದ ಸೈನಿಕರು 2024ರ ಮೇ 10ರೊಳಗೆ ಜಾಗ ಖಾಲಿ ಮಾಡ್ಬೇಕು ಅಂತ ಗಡುವು ಕೊಟ್ರು, ಸೈನಿಕರು ವಾಪಸ್ ಬಂದ್ರು, ಅವರ ಜಾಗಕ್ಕೆ ನಮ್ಮವರೇ ಸಿವಿಲಿಯನ್ ಟೆಕ್ನಿಶಿಯನ್‌ಗಳು ಹೋದ್ರು. ಈ ಕೊನೆಯ ಸಂಗತಿ ಚರ್ಚೆಯಲ್ಲಿ ಬಂದಿದ್ದೇ ಕಮ್ಮಿ. ಆರು ಕಿಟಕಿಯಲ್ಲಿ ಆರು ಜನ ಕೂತು ಮಾಲ್ಡೀವ್ಸ್ ಚೀನಾದ ಜೇಬಿಗೆ ಹೋಯ್ತು, ಕಥೆ ಮುಗೀತು ಅಂತ ಷರಾ ಬರೆದು ಎದ್ದು ಹೋದ್ರು.

2025ರ ಏಪ್ರಿಲ್ 5ಕ್ಕೆ ಕಾರವಾರದ ನೌಕಾನೆಲೆಯಿಂದ ಐಎನ್‌ಎಸ್ ಸುನಯನಾ ಹೊರಟಿತು. ರಕ್ಷಣಾ ಮಂತ್ರಿ ರಾಜನಾಥ್ ಸಿಂಗ್ ಬಂದು ಬಾವುಟ ತೋರಿಸಿದ್ರು. ‘ಐಒಎಸ್ ಸಾಗರ್’ ಅಂತ ಆ ಯಾನದ ಹೆಸರು. ಹಡಗಿನಲ್ಲಿ ನಮ್ಮ ನೌಕಾಪಡೆಯವರ ಜೊತೆ 9 ದೇಶದ 44 ಮಂದಿ ಇದ್ರು: ಕೊಮೊರೊಸ್, ಕೀನ್ಯಾ, ಮಡಗಾಸ್ಕರ್, ಮಾರಿಷಸ್, ಮೊಜಾಂಬಿಕ್, ಸೀಶೆಲ್ಸ್, ಶ್ರೀಲಂಕಾ, ತಾಂಜಾನಿಯಾ, ಹಾಗೇ ಮಾಲ್ಡೀವ್ಸ್. ಹದಿನೈದು ತಿಂಗಳ ಹಿಂದೆ ಯಾವ ದೇಶದ ಕಥೆ ಮುಗೀತು ಅಂದಿದ್ರೋ ಆ ದೇಶದ ನಾವಿಕರು ನೌಕಾನೆಲೆ ಇರೋ ನಮ್ಮ ಅರ್ಗಾದ ಜೆಟ್ಟಿಯಿಂದ ನಮ್ಮ ಹಡಗಿನಲ್ಲೇ ಹೊರಟ್ರು ಮಾರಾಯ್ರೆ. ನಡುವೆ ಎಂತಾಗಿತ್ತು ಅಂದ್ರೆ, 2024ರ ಜೂನ್‌ನಲ್ಲಿ ಮುಯಿಝು ಮೋದಿಯವರ ಪ್ರಮಾಣವಚನಕ್ಕೆ ಬಂದ್ರು, ಅಕ್ಟೋಬರ್‌ನಲ್ಲಿ ಅವರ ಖಾಲಿಯಾಗ್ತಿದ್ದ ವಿದೇಶಿ ವಿನಿಮಯಕ್ಕೆ ಭಾರತ 40 ಕೋಟಿ ಡಾಲರ್ ಪ್ಲಸ್ 3 ಸಾವಿರ ಕೋಟಿ ರೂಪಾಯಿಯ ಕರೆನ್ಸಿ ಸ್ವ್ಯಾಪ್, ಅಂದ್ರೆ ಹಣ ಅದಲುಬದಲಿನ ನೆರವು, ಕೊಡ್ತು. ಹಡಗು ಹೋಗಿ ಬಂದ ಮೇಲೆ 2025ರ ಜುಲೈನಲ್ಲಿ ಮೋದಿಯವರೇ ಮಾಲೆಗೆ ಹೋಗಿ 4,850 ಕೋಟಿ ರೂಪಾಯಿಯ ಸಾಲದ ಲೈನ್ ಘೋಷಿಸಿದ್ರು. ಆ ಹೊತ್ತಿಗೆ ಸ್ಟುಡಿಯೋದವರು ಬೇರೆ ದೇಶಕ್ಕೆ ಶಿಫ್ಟ್ ಆಗಿದ್ರು.

ಇದನ್ನು ಎಂತಕ್ಕೆ ಹೇಳ್ತಿದ್ದೇನೆ ಅಂದ್ರೆ, ನಮ್ಮಲ್ಲಿ ಈಗ ವಿದೇಶಾಂಗ ವಿಷಯದ ಮಾತು ಹಿಂದೆಂದಿಗಿಂತ ಜಾಸ್ತಿ ಆಗಿದೆ, ಗಡಂಗಿನಂಗಡಿ ಕಟ್ಟೆಯಿಂದ ಸೊಸೈಟಿ ಆಫೀಸಿನ ತನಕ ಎಲ್ಲರಿಗೂ ಟ್ರಂಪು, ಪುಟಿನ್ನು, ತೈವಾನು ಗೊತ್ತು, ಅದು ಒಳ್ಳೇದೇ. ಆದರೆ ಈ ಮಾತುಗಳು ಪ್ರತಿಸಲ ಒಂದೇ ಪ್ರಶ್ನೆ ಸುತ್ತ ತಿರುಗ್ತವೆ, ಯಾರು ಗೆದ್ರು, ಯಾರು ಬಗ್ಗಿದ್ರು ಅಂತ. ವಿದೇಶಾಂಗ ನೀತಿಯಲ್ಲಿ ಪ್ರತಿ ತೀರ್ಮಾನಕ್ಕೂ ಒಂದು ಬಿಲ್ ಇರ್ತದೆ, ಆ ಬಿಲ್ ಯಾರೋ ಒಬ್ಬರು ಕಟ್ಲೇಬೇಕು. ಎಷ್ಟು, ಯಾರು, ಎಷ್ಟು ವರ್ಷ ಅನ್ನೋದು ಚರ್ಚೆಯಲ್ಲಿ ಬರೋದಿಲ್ಲ. ಉತ್ತರ ಕನ್ನಡದಲ್ಲಿ ಕೂತು ನೋಡಿದ್ರೆ ಇದು ಇನ್ನೂ ಚೆನ್ನಾಗಿ ಕಾಣ್ತದೆ, ಎಂತಕ್ಕಂದ್ರೆ ಘಟ್ಟದ ಮೇಲೆ ಅಡಿಕೆ, ಕೆಳಗೆ ಮೀನು, ನಡುವೆ ನೌಕಾನೆಲೆ, ಭಟ್ಕಳದಲ್ಲಿ ಗಲ್ಫ್, ನಾಲ್ಕಕ್ಕೂ ಬಿಲ್ ಬೇರೆ ಬೇರೆ ದೇಶದಿಂದ ಬರ್ತದೆ.

ಅಡಿಕೆಯಿಂದಲೇ ಶುರು ಮಾಡುವ.

2022ರ ಸೆಪ್ಟೆಂಬರ್ ಕೊನೆಗೆ ಡಿಜಿಎಫ್‌ಟಿ, ಅಂದ್ರೆ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಒಂದು ಅಧಿಸೂಚನೆ ಹೊರಡಿಸ್ತು. ಭೂತಾನದಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆ ಕನಿಷ್ಠ ಆಮದು ಬೆಲೆಯ, ಅಂದ್ರೆ ಇಷ್ಟಕ್ಕಿಂತ ಕಮ್ಮಿ ಬೆಲೆಯದ್ದು ತರೋ ಹಾಗಿಲ್ಲ ಅನ್ನೋ, ಷರತ್ತಿಲ್ಲದೆ ಬರಬಹುದು, ಪಶ್ಚಿಮ ಬಂಗಾಳದ ಜೈಗಾಂವ್ ಗೇಟಿನಿಂದ ಮಾತ್ರ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ಎಲ್ಲ ಕಡೆ ಗಲಾಟೆ ಆಯ್ತು, ಮನವಿ ಕೊಟ್ರು, ಮೀಟಿಂಗ್ ಮಾಡಿದ್ರು, ಅಡಿಕೆ ರೇಟು ನೆಲಕ್ಕೆ ಬೀಳ್ತದೆ ಅಂತ ಹೆದರಿಕೆ ಹುಟ್ಟಿತು. ಸಿಟ್ಟು ಸಹಜ. ಆದರೆ ಲೆಕ್ಕ ನೋಡಿ. 17 ಸಾವಿರ ಟನ್ ಹಸಿ ಅಡಿಕೆ ಒಣಗಿಸಿ ಸುಲಿದ್ರೆ ಕಾಲು ಭಾಗವೂ ಉಳಿಯೋದಿಲ್ಲ ಅನ್ನೋದು ನಮ್ಮಲ್ಲಿ ಕೊನೆ ಕೊಯ್ಲಿಗೆ ಹೋದ ಹುಡುಗರಿಗೂ ಗೊತ್ತು, ದೇಶದ ಒಟ್ಟು ಉತ್ಪಾದನೆ ಹತ್ತು ಲಕ್ಷ ಟನ್ ದಾಟ್ತದೆ, ಅದರ ಮುಂದೆ ಇದು ಎಂತದೂ ಅಲ್ಲ. ಹಾಗಾದ್ರೆ ರೈತರು ಸುಮ್ಮನೆ ಕೂಗಾಡಿದ್ರಾ? ಅದೂ ಅಲ್ಲ. ಭಯ ಇದ್ದದ್ದು ಆ 17 ಸಾವಿರದ್ದಲ್ಲ, ಗೇಟಿನದ್ದು. ಒಂದು ಗೇಟು ಬೆಲೆಯ ಷರತ್ತಿಲ್ಲದೆ ತೆರೆದ್ರೆ ಅದರೊಳಗೆ ಯಾವ ದೇಶದ್ದು, ಎಷ್ಟು ಬರ್ತದೆ ಅಂತ ಕಾಯೋರು ಯಾರು? ಅಂದ್ರೆ ಕೂಗು ಸರಿಯೇ ಇತ್ತು, ಕೂಗಿನಲ್ಲಿ ಹೇಳಿದ ಕಾರಣ ಅರ್ಧ ಮಾತ್ರ ಸರಿ ಇತ್ತು.

ಈಗ ಇದೇ ಸಂಗತಿಯನ್ನು ಡೆಲ್ಲಿ ಕಡೆಯಿಂದ ನೋಡಿ. ಭೂತಾನ ಅಂದ್ರೆ 2017ರಲ್ಲಿ ಡೋಕ್ಲಾಮ್‌ನಲ್ಲಿ ಎರಡೂವರೆ ತಿಂಗಳ ಹತ್ತಿರ ನಮ್ಮ ಸೈನ್ಯ ಮತ್ತು ಚೀನಾ ಸೈನ್ಯ ಎದುರುಬದುರು ನಿಂತಿದ್ದ ಜಾಗದ ಮಾಲೀಕ ದೇಶ. ಅಲ್ಲಿಂದ ಕೆಳಗೆ ಸಿಲಿಗುರಿ ಕಾರಿಡಾರ್, ಈಶಾನ್ಯ ರಾಜ್ಯಗಳಿಗೆ ನೆಲದ ಮೇಲೆ ನಮಗಿರೋ ಒಂದೇ ಸಣ್ಣ ದಾರಿ. ಭೂತಾನದ ತೆಂಕು ಸೆರಗಿನ ರೈತರಿಗೆ ಅಡಿಕೆ ದುಡ್ಡಿನ ಬೆಳೆ, ಅವರ ಮಾರುಕಟ್ಟೆ ನಾವೇ. ಅಂಥ ನೆರೆಯವನಿಗೆ ಒಂದಿಷ್ಟು ಅಡಿಕೆಯ ರಿಯಾಯಿತಿ ಕೊಡೋದು ಡೆಲ್ಲಿಯ ವಿದೇಶಾಂಗ ಇಲಾಖೆಯಲ್ಲಿ ಕೂತವರಿಗೆ ತೀರಾ ಅಗ್ಗದ ವ್ಯವಹಾರ. ನನ್ನನ್ನು ಕೇಳಿದ್ರೆ ದೇಶದ ದೃಷ್ಟಿಯಿಂದ ಅದು ತಪ್ಪೂ ಅಲ್ಲ. ಆದರೆ ಡೋಕ್ಲಾಮ್ ಬಗ್ಗೆ ನಾವು ನೋಡಿದ ಚರ್ಚೆಗಳಲ್ಲಿ ‘ಭೂತಾನವನ್ನು ಜೊತೆಗೆ ಇಟ್ಟುಕೊಳ್ಳೋದಕ್ಕೆ ಯಾರ್ಯಾರು ಎಷ್ಟೆಷ್ಟು ಬಿಟ್ಟುಕೊಡ್ಬೇಕಾಗ್ತದೆ’ ಅನ್ನೋ ಪ್ರಶ್ನೆ ನನಗಂತೂ ಕೇಳಿಸಿಲ್ಲ. ಅಡಿಕೆ ಚರ್ಚೆಯಲ್ಲಿ ಡೋಕ್ಲಾಮ್ ಹೆಸರು ಬರಲಿಲ್ಲ, ಡೋಕ್ಲಾಮ್ ಚರ್ಚೆಯಲ್ಲಿ ಅಡಿಕೆ ಹೆಸರು ಬರಲಿಲ್ಲ. ಎರಡೂ ಕಡೆಯವರು ಒಂದೇ ಆನೆಯ ಬೇರೆ ಬೇರೆ ಕಾಲು ಹಿಡ್ಕೊಂಡು ಕೂತಿದ್ರು.

ಮುಂದೆ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ರು. ಊರಲ್ಲಿ ಖುಷಿ ಆಯ್ತು, ಬ್ಯಾನರ್ ಬಂತು. ಇದರ ಒಳಗಿನ ಕೆಲಸ ಸ್ವಲ್ಪ ಬಿಡಿಸಿ ನೋಡ್ಬೇಕು. 351 ಅಂದ್ರೆ ಕ್ವಿಂಟಾಲಿಗೆ 35,100. ಅದರ ಮೇಲೆ ಅಡಿಕೆಗೆ 100 ಪರ್ಸೆಂಟ್ ಆಮದು ಸುಂಕ. ಎರಡೂ ಸೇರಿದ್ರೆ ಕೆಜಿಗೆ 700 ದಾಟ್ತದೆ, ಹಾಗಾಗಿ ನೇರ ದಾರಿಯಲ್ಲಿ ಸುಂಕ ಕಟ್ಟಿ ಅಡಿಕೆ ತಂದು ಲಾಭ ಮಾಡೋದು ಆಗದ ಮಾತು. ಅಂದ ಮೇಲೆ ತೊಂದರೆ ನೇರ ದಾರಿಯದ್ದಲ್ಲ, ಅಡ್ಡದಾರಿಯದ್ದು. ಅಡ್ಡದಾರಿ ಎರಡು ನಮೂನೆ. ಒಂದು ಪೂರ್ತಿ ಕಳ್ಳಸಾಗಣೆ, ಮ್ಯಾನ್ಮಾರ್‌ನಿಂದ ಮಿಜೋರಾಂ ಗಡಿ ದಾಟಿ ಬರೋದು, ಅಸ್ಸಾಂ ರೈಫಲ್ಸ್‌ನವರು ಚಂಫೈ ಕಡೆ ಮತ್ತೆ ಮತ್ತೆ ಮೂಟೆಗಟ್ಟಲೆ ಹಿಡೀತಾರೆ. ಇನ್ನೊಂದು ಕಾಗದಪತ್ರ ಎಲ್ಲ ಸರಿ ಇರೋ ದಾರಿ, ನನಗೆ ಜಾಸ್ತಿ ಕುತೂಹಲ ಇರೋದು ಇದರಲ್ಲೇ.

ಶ್ರೀಲಂಕಾ ಜೊತೆ ನಮಗೆ ಮುಕ್ತ ವ್ಯಾಪಾರ ಒಪ್ಪಂದ ಇದೆ, 1998ರಲ್ಲಿ ಸಹಿ ಆಗಿ 2000ದಲ್ಲಿ ಜಾರಿಗೆ ಬಂದದ್ದು. ನಮ್ಮ ಸುತ್ತಲಿನ ಸಾರ್ಕ್ ದೇಶಗಳ ಸಾಫ್ಟಾ ವ್ಯಾಪಾರ ಒಪ್ಪಂದ 2006ರಿಂದ ಇದೆ, ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಜೊತೆಗಿನ ಒಪ್ಪಂದ 2010ರಿಂದ. ಇವುಗಳಲ್ಲೆಲ್ಲ ಆಯಾ ದೇಶದಲ್ಲೇ ಬೆಳೆದ ಬಹಳಷ್ಟು ಮಾಲಿಗೆ ಸುಂಕ ಇಲ್ಲ ಅಥವಾ ಕಮ್ಮಿ. ಈಗ ಇಂಡೋನೇಷ್ಯಾದ ಅಡಿಕೆ ಕೊಲಂಬೋದಲ್ಲಿ ಇಳಿದು, ಅಲ್ಲಿಯದ್ದೇ ಅಂತ ಸರ್ಟಿಫಿಕೇಟ್ ಹಚ್ಚಿಕೊಂಡು ನಮ್ಮ ಬಂದರಿಗೆ ಬಂದ್ರೆ? ಅದಕ್ಕೇ ಮೂಲದೇಶದ ನಿಯಮ ಅಂತ ಇರೋದು. 2020ರ ಸೆಪ್ಟೆಂಬರ್ 21ರಿಂದ ಕಸ್ಟಮ್ಸ್‌ನವರು ಆ ನಿಯಮ ಬಿಗಿ ಮಾಡಿದ್ರು, ಸರ್ಟಿಫಿಕೇಟ್ ಒಂದೇ ಸಾಕಾಗೋದಿಲ್ಲ, ಮಾಲು ಎಲ್ಲಿ ಬೆಳೆದದ್ದು ಅನ್ನೋ ದಾಖಲೆ ಆಮದು ಮಾಡುವವನ ಕೈಯಲ್ಲೇ ಇರಬೇಕು. ಆಮೇಲೆ ಹುಷಾರಿನವರು ಇನ್ನೊಂದು ಸಂದಿ ಹುಡುಕಿದ್ರು, ಹುರಿದ ಅಡಿಕೆ. ಹುರಿದದ್ದು ಸುಂಕದ ಪಟ್ಟಿಯಲ್ಲಿ ಬೇರೆಯೇ ಸಾಲಿನಲ್ಲಿ ಬರ್ತದೆ, ಹಸಿ ಅಥವಾ ಒಣ ಅಡಿಕೆಗೆ ಹಾಕಿದ ಕಟ್ಟು ಅದಕ್ಕೆ ತಾಗೋದಿಲ್ಲ. 2025ರ ಏಪ್ರಿಲ್‌ನಲ್ಲಿ ಡಿಜಿಎಫ್‌ಟಿ ಹುರಿದದ್ದಕ್ಕೂ 351ರ ಮಿತಿ ಹಾಕ್ತು.

ಇಲ್ಲಿ ಕಾಳುಮೆಣಸಿನ ಮಾತೂ ಬರ್ತದೆ, ನಮ್ಮಲ್ಲಿ ಮೆಣಸಿನ ಬಳ್ಳಿ ಹಬ್ಬೋದೇ ಅಡಿಕೆ ಮರಕ್ಕೆ, ಒಂದು ತೋಟಕ್ಕೆ ಎರಡು ಏಟು. ಶ್ರೀಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು, ಸಾಫ್ಟಾದಲ್ಲಿ 8 ಪರ್ಸೆಂಟ್, ವಿಯೆಟ್ನಾಂನಿಂದ ನೇರ ತಂದ್ರೆ 50ರ ಆಸುಪಾಸು. ಎಂಟಕ್ಕೂ ಐವತ್ತಕ್ಕೂ ಇಷ್ಟು ಅಂತರ ಇದ್ರೆ ವಿಯೆಟ್ನಾಂ ಮೆಣಸು ಕೊಲಂಬೋ ನೋಡ್ಕೊಂಡು ಬರ್ದೇ ಇರ್ತದಾ? 2017ರ ಡಿಸೆಂಬರ್‌ನಲ್ಲಿ ಮೆಣಸಿಗೂ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ಹಾಕಿದ್ದು ಇದಕ್ಕೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ 16ನೇ ಶತಮಾನದಲ್ಲಿ ಇದೇ ಮೆಣಸಿಗಾಗಿ ಪೋರ್ಚುಗೀಸರ ಜೊತೆ ಚೌಕಾಶಿ ಮಾಡಿದವಳು, ಹಾಗಾಗಿ ಮೆಣಸಿನ ರಾಜತಂತ್ರ ಈ ಜಿಲ್ಲೆಗೆ ಹೊಸದೇನಲ್ಲ, ಆಗ ಚೌಕಾಶಿ ಇಲ್ಲೇ ನಡೀತಿತ್ತು ಅನ್ನೋದೊಂದೇ ವ್ಯತ್ಯಾಸ.

ಈಗ ಯೋಚನೆ ಮಾಡಿ, ಶ್ರೀಲಂಕಾ ಬಗ್ಗೆ ನಮ್ಮ ತಜ್ಞರ ಚರ್ಚೆ ಹೇಗಿರ್ತದೆ? ಹಂಬನ್‌ತೋಟ ಬಂದರು, ಚೀನಾದ ಸಂಶೋಧನಾ ಹಡಗು, ಸಾಲದ ಬಲೆ. ಎಲ್ಲ ಮುಖ್ಯವೇ. ಆದರೆ ಹುಲೇಕಲ್ಲಿನಲ್ಲಿ ಎರಡೆಕರೆ ತೋಟ ಇದ್ದವನಿಗೆ ಹಂಬನ್‌ತೋಟಕ್ಕಿಂತ ಸುಂಕದ ಪಟ್ಟಿಯ ಒಂದು ಸಾಲು ಹತ್ತಿರದ್ದು. ಆ ಸಾಲು ಓದಬಲ್ಲ ತಜ್ಞರು ದೇಶದಲ್ಲಿ ಇಲ್ಲ ಅಂತಲ್ಲ, ಇದ್ದಾರೆ, ವಾಣಿಜ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು, ಡಬ್ಲ್ಯೂಟಿಒ, ಅಂದ್ರೆ ವಿಶ್ವ ವ್ಯಾಪಾರ ಸಂಸ್ಥೆಯ ಕಾನೂನು ಓದಿದವರು. ಅವರು ಮಾತಾಡೋದು ಇಂಗ್ಲಿಷಿನಲ್ಲಿ, ಡೆಲ್ಲಿಯ ಹಾಲ್‌ಗಳಲ್ಲಿ, ಅವರು ದನಿ ಏರಿಸಿ ಮಾತಾಡೋದಿಲ್ಲ ಆದ್ದರಿಂದ ಟಿವಿಗೆ ಬೇಡ.

ಇನ್ನು ಕರಾವಳಿಗೆ ಇಳಿಯುವ. 2025ರ ಆಗಸ್ಟ್ 7ಕ್ಕೆ ಅಮೆರಿಕ ನಮ್ಮ ಮಾಲಿನ ಮೇಲೆ 25 ಪರ್ಸೆಂಟ್ ಸುಂಕ ಹಾಕಿತು, 27ಕ್ಕೆ ರಷ್ಯಾದಿಂದ ಎಣ್ಣೆ ತಗೊಳ್ತೀರಿ ಅನ್ನೋ ಕಾರಣ ಕೊಟ್ಟು ಇನ್ನೂ 25. ಒಟ್ಟು 50. ಸಿಗಡಿಗೆ ಮೊದಲೇ ಇದ್ದ ಆಂಟಿ ಡಂಪಿಂಗ್ (ತೀರಾ ಅಗ್ಗಕ್ಕೆ ತಂದು ಸುರೀತೀರಿ ಅಂತ ಹಾಕೋದು) ಮತ್ತು ಸಬ್ಸಿಡಿ ವಿರೋಧಿ ಸುಂಕ ಬೇರೆ. ನಮ್ಮ ಎದುರಾಳಿ ಈಕ್ವೆಡಾರ್‌ಗೆ ಆಗ 15. ಭಾರತ 2024-25ರಲ್ಲಿ ರಫ್ತು ಮಾಡಿದ ಕಡಲ ಉತ್ಪನ್ನ ಸುಮಾರು 62 ಸಾವಿರ ಕೋಟಿ ರೂಪಾಯಿಯದ್ದು, ಅದರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಅಮೆರಿಕಕ್ಕೆ ಹೋದದ್ದು, ಅದರಲ್ಲೂ ಬಹುಪಾಲು ಸಿಗಡಿ. ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬಿಟ್ಟು ಸಿಗಡಿ ಕೆರೆ ಮಾಡಿದವರು ಆಂಧ್ರದವರ ಮುಂದೆ ತೀರಾ ಸಣ್ಣ ಲೆಕ್ಕ, ಆದರೆ ಆಂಧ್ರದಲ್ಲಿ ರೇಟ್ ಬಿದ್ರೆ ಕುಮಟಾದಲ್ಲಿ ಏರ್ತದೆ ಅನ್ನೋ ಮಾತಿಲ್ಲ.

ಆ ತಿಂಗಳು ಟಿವಿಯಲ್ಲಿ ಹೆಚ್ಚು ಕೇಳಿದ ಶಬ್ದ ಸ್ಟ್ರಾಟೆಜಿಕ್ ಅಟಾನಮಿ. ಯಾರ ಮಾತೂ ಕೇಳದೆ ನಮ್ಮ ತೀರ್ಮಾನ ನಾವೇ ಮಾಡೋದು. ಕೇಳೋದಕ್ಕೆ ಚೆಂದ, ನಾನೂ ಒಪ್ತೇನೆ. ಆದರೆ ಅದರ ಲಾಭ ನಷ್ಟ ಎಲ್ಲಿ ಬಿದ್ದಿದೆ ಅಂತ ನಮ್ಮ ಜಿಲ್ಲೆಯಲ್ಲೇ ನೋಡಬಹುದು. ಅರ್ಗಾದಲ್ಲಿ ನಿಲ್ಲೋ ವಿಮಾನ ಹೊರೋ ಹಡಗು ಐಎನ್‌ಎಸ್ ವಿಕ್ರಮಾದಿತ್ಯ ರಷ್ಯಾದಿಂದ ಬಂದದ್ದು, 2013ರ ನವೆಂಬರ್‌ನಲ್ಲಿ ಅಲ್ಲಿ ನೌಕಾಪಡೆಗೆ ಸೇರಿ 2014ರ ಜನವರಿಗೆ ಕಾರವಾರಕ್ಕೆ ಬಂತು, ಅದರ ಮೇಲಿನ ಮಿಗ್-29ಕೆ ವಿಮಾನ ಕೂಡ ರಷ್ಯಾದ್ದೇ. 2004ರಲ್ಲಿ ಒಪ್ಪಂದ ಆಗುವಾಗ ಹೇಳಿದ ರೇಟು 97 ಕೋಟಿ ಡಾಲರ್ ಆಸುಪಾಸು, ಕೊನೆಗೆ ಆದದ್ದು 235 ಕೋಟಿ, ದೋಸ್ತಿ ಅಂದ ಮೇಲೂ ರೇಟ್ ಏರದೇ ಇರೋದಿಲ್ಲ. ಅಲ್ಲಿಂದ ಹೆದ್ದಾರಿ ಹಿಡಿದು ತೆಂಕಿಗೆ ಒಂದೂವರೆ ಗಂಟೆ ಬಂದ್ರೆ ಅಮೆರಿಕದ ಮಾರುಕಟ್ಟೆಯ ಸಿಗಡಿ ಕೆರೆ. ರಷ್ಯಾವನ್ನು ಬಿಡ್ಬಾರದು ಅನ್ನೋದಕ್ಕೆ ಕಾರಣ ಕಾರವಾರದಲ್ಲಿ, ಬಿಡದೇ ಇದ್ದದ್ದಕ್ಕೆ ಕಟ್ಟಿದ ದಂಡ ಕುಮಟಾದಲ್ಲಿ. 2022ಕ್ಕಿಂತ ಮುಂಚೆ ನಮ್ಮ ಕಚ್ಚಾ ಎಣ್ಣೆ ಆಮದಿನಲ್ಲಿ ರಷ್ಯಾದ ಪಾಲು 2 ಪರ್ಸೆಂಟ್ ಹತ್ತಿರ ಇದ್ದದ್ದು ಆಮೇಲೆ ಮೂರರಲ್ಲಿ ಒಂದು ಪಾಲಿಗೆ ಬಂತು. ರಿಯಾಯಿತಿ ಸಿಕ್ಕಿದ್ದು ರಿಫೈನರಿಯವರಿಗೆ, ದಂಡ ಬಿದ್ದದ್ದು ಸಿಗಡಿ, ಬಟ್ಟೆ, ಕಾರ್ಪೆಟ್‌ನವರಿಗೆ. ದೇಶದ ಒಟ್ಟು ಲೆಕ್ಕದಲ್ಲಿ ಅದು ಲಾಭವೇ ಇರಬಹುದು. ಆದರೆ ಲಾಭದವರಿಂದ ಒಂದು ಪಾಲು ತೆಗೆದು ದಂಡ ಕಟ್ಟಿದವರಿಗೆ ಕೊಡೋ ಮಾತು ಅಷ್ಟು ರಾತ್ರಿಗಳ ಚರ್ಚೆಯಲ್ಲಿ ಎಷ್ಟು ನಿಮಿಷ ಬಂತು?

ಸಿಗಡಿ ಅಂದ್ರೆ ಕೆರೆಯದ್ದು ಮಾತ್ರ ಅಲ್ಲ. ಬೈತಖೋಲ, ತದಡಿ, ಹೊನ್ನಾವರದಿಂದ ಹೋಗೋ ಟ್ರಾಲ್ ಬೋಟಿನವರು ಕಡಲಲ್ಲಿ ಹಿಡಿದ ಸಿಗಡಿಯನ್ನು ಅಮೆರಿಕ 2019ರಿಂದ ತಗೊಳ್ಳೋದೇ ಇಲ್ಲ. ಕಾರಣ ಕಡಲಾಮೆ. ಅಮೆರಿಕದಲ್ಲಿ 1989ರ ಒಂದು ಕಾನೂನು ಇದೆ, ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳೋ ಸಾಧನ ಹಾಕದ ದೇಶದ ಸಿಗಡಿ ಬೇಡ ಅಂತ. ಆ ಸಾಧನ ಅಂದ್ರೆ ಬಲೆಯ ಕುತ್ತಿಗೆಯಲ್ಲಿ ಓರೆಯಾಗಿ ಕೂರಿಸೋ ಲೋಹದ ಜಾಲರಿ, ಸಿಗಡಿ ಸರಳಿನ ಸಂದಿಯಲ್ಲಿ ಹಿಂದೆ ಹೋಗ್ತದೆ, ಆಮೆ ಸರಳಿಗೆ ತಾಗಿ ಪಕ್ಕದ ಬಾಯಿಯಿಂದ ಹೊರಗೆ ಬೀಳ್ತದೆ. ಬೋಟಿನವರ ತಕರಾರು ಎಂತದು ಅಂದ್ರೆ ಆ ಬಾಯಿಂದ ದೊಡ್ಡ ಮೀನೂ ಹೋಗ್ತದೆ ಅಂತ. ಕೊಚ್ಚಿಯ ಕೇಂದ್ರ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಸಿಐಎಫ್‌ಟಿ ನಮ್ಮ ಬಲೆಗೆ ಹೊಂದೋ ಹಾಗೆ ಒಂದು ಮಾದರಿ ಮಾಡಿ ಬಹಳ ವರ್ಷ ಆಯ್ತು.

ಇದರ ಹಿಂದಿನ ಕಥೆ ಇನ್ನೂ ಮಜಾ ಇದೆ. ಈ ಆಮೆ ಕಾನೂನಿನ ವಿರುದ್ಧ ಭಾರತ, ಪಾಕಿಸ್ತಾನ, ಮಲೇಷ್ಯಾ, ಥಾಯ್ಲೆಂಡ್ ನಾಲ್ಕೂ ಒಟ್ಟಾಗಿ ಡಬ್ಲ್ಯೂಟಿಒಗೆ ದೂರು ಕೊಟ್ಟಿದ್ವು, ಹೌದು, ಭಾರತ ಪಾಕಿಸ್ತಾನ ಒಂದೇ ಬೆಂಚಿನಲ್ಲಿ. 1998ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು, ಅಮೆರಿಕ ಒಂದೊಂದು ದೇಶಕ್ಕೆ ಒಂದೊಂದು ನಮೂನೆ ಮಾಡಿದ್ದು ತಪ್ಪು ಅಂತ. ನಾವು ಗೆದ್ವಿ. ಆದರೆ ತೀರ್ಪಿನ ಒಳಗೆ ಆಮೆ ಕಾಪಾಡೋ ಉದ್ದೇಶಕ್ಕೆ ವ್ಯಾಪಾರ ತಡೆಯಬಹುದು ಅನ್ನೋದನ್ನು ಒಪ್ಪಿಕೊಂಡಿದ್ರು, ಅಮೆರಿಕ ಜಾರಿ ಮಾಡೋ ರೀತಿ ತಿದ್ದಿಕೊಂಡಿತು, ಕಾನೂನು ಹಾಗೇ ಉಳೀತು. 2001ರಲ್ಲಿ ಮಲೇಷ್ಯಾ ಮತ್ತೆ ಹೋಗಿ ಸೋತು ಬಂತು. ಗೆದ್ವಿ ಅನ್ನೋ ಸುದ್ದಿಯ ಹಿಂದೆ ಇಷ್ಟು ಇತ್ತು, ಇವತ್ತಿಗೂ ನಮ್ಮ ಬೋಟಿನ ಸಿಗಡಿ ಆ ಮಾರುಕಟ್ಟೆಗೆ ಹೋಗೋದಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಆಲಿವ್ ರಿಡ್ಲೆ ಆಮೆ ಮೊಟ್ಟೆ ಇಡೋದಕ್ಕೆ ಬರ್ತದೆ, ಅಲ್ಲಿ ಮೀನುಗಾರರೇ ಅದರ ಕಾವಲಿಗೆ ನಿಲ್ಲೋದೂ ಉಂಟು, ಹಾಗಾಗಿ ಇಲ್ಲಿಯವರಿಗೆ ಆಮೆ ಮೇಲೆ ದ್ವೇಷ ಅಂತ ತಿಳ್ಕೊಳ್ಬೇಡಿ. ಜಾಲರಿ ಹಾಕಿದ್ರೆ ನಷ್ಟ ಎಷ್ಟು, ಆ ನಷ್ಟ ತುಂಬೋರು ಯಾರು ಅನ್ನೋದಕ್ಕೆ ಗಟ್ಟಿ ಉತ್ತರ ಬಂದಿದ್ರೆ ಇದು ಇಷ್ಟು ವರ್ಷ ಎಳೀತಿರಲಿಲ್ಲ ಅಂತ ನನ್ನ ಅಂದಾಜು.

ಗಲ್ಫ್ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೇನೆ. 2025ರ ಜೂನ್ 13ರಿಂದ 24ರ ತನಕ ಇಸ್ರೇಲ್ ಇರಾನ್ ಯುದ್ಧ ಆಯ್ತಲ್ಲ, 23ಕ್ಕೆ ಕತಾರ್‌ನಲ್ಲಿರೋ ಅಮೆರಿಕದ ಅಲ್ ಉದೈದ್ ನೆಲೆ ಮೇಲೆ ಇರಾನ್ ಕ್ಷಿಪಣಿ ಬಿಟ್ತು, ಆ ದಿನ ಕತಾರ್ ತನ್ನ ಆಕಾಶವನ್ನೇ ಮುಚ್ಚಿತ್ತು. ಚಾನೆಲ್‌ನಲ್ಲಿ ಯಾವ ಕ್ಷಿಪಣಿ ಎಷ್ಟು ದೂರ ಹೋಗ್ತದೆ ಅನ್ನೋ ಗ್ರಾಫಿಕ್ಸ್. ಭಟ್ಕಳ, ಮುರ್ಡೇಶ್ವರ, ಮಂಕಿ ಕಡೆ ಪ್ರತಿ ಓಣಿಯಲ್ಲೂ ಗಲ್ಫಿನ ಸಂಬಳದ ಮನೆ ಇರ್ತದೆ, ಅವರಿಗೆ ಬೇಕಾದದ್ದು ಫ್ಲೈಟ್ ಇದೆಯಾ, ಎಂಬೆಸಿ ನಂಬರ್ ಎಂತದು, ವೀಸಾ ಮುಗಿದ್ರೆ ಹೇಗೆ ಅನ್ನೋದು. ಗಲ್ಫ್ ದೇಶಗಳಲ್ಲಿ ಇರೋ ಭಾರತೀಯರು ಸುಮಾರು 90 ಲಕ್ಷ. ಪಶ್ಚಿಮ ಏಷ್ಯಾದ ವಿಷಯದಲ್ಲಿ ಭಾರತ ಯಾವಾಗಲೂ ಹೇಳಿಕೆಯನ್ನು ಅಳೆದು ತೂಗಿ ಕೊಡೋದಕ್ಕೆ ಈ 90 ಲಕ್ಷವೂ ಒಂದು ದೊಡ್ಡ ಕಾರಣ, ಇದನ್ನು ಹೇಡಿತನ ಅಂತ ಸ್ಟುಡಿಯೋದಲ್ಲಿ ಕೂತು ಬೈಯೋದು ಸುಲಭ.

ಇನ್ನು ತಜ್ಞರ ವಿಷಯ. 2025ರ ಮೇ 8ರ ರಾತ್ರಿ ಆಪರೇಷನ್ ಸಿಂದೂರ್ ಹೊತ್ತಿಗೆ ದೇಶದ ದೊಡ್ಡ ದೊಡ್ಡ ಚಾನೆಲ್‌ಗಳಲ್ಲಿ ನಮ್ಮ ನೌಕಾಪಡೆ ಕರಾಚಿ ಬಂದರು ಉಡಾಯಿಸಿತು ಅಂತ ಬಂತು. ಸ್ಟುಡಿಯೋದಲ್ಲಿ ಇದ್ದ ನಿವೃತ್ತ ಅಧಿಕಾರಿಗಳು ಅದರ ಮೇಲೆ ವಿಶ್ಲೇಷಣೆಯನ್ನೂ ಕೊಟ್ರು! ಆದದ್ದೇ ಇಲ್ಲದ ದಾಳಿಗೆ ವಿಶ್ಲೇಷಣೆ. ಮೇ 11ಕ್ಕೆ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಬ್ರೀಫಿಂಗ್‌ನಲ್ಲಿ ಹೇಳಿದ್ದು, ಕರಾಚಿ ಸೇರಿ ಗುರಿಗಳಿಗೆ ಹೊಡೆಯೋದಕ್ಕೆ ನೌಕಾಪಡೆ ಮುಂದೆ ಹೋಗಿ ಸಜ್ಜಾಗಿ ನಿಂತಿತ್ತು ಅಂತ. ಸಜ್ಜಾಗಿ ನಿಲ್ಲೋದಕ್ಕೂ ಹೊಡೆಯೋದಕ್ಕೂ ಇರೋ ವ್ಯತ್ಯಾಸವೇ ಆ ನಾಲ್ಕು ದಿನದ ಇಡೀ ರಾಜತಂತ್ರ, ಹೊಡೆದಿದ್ರೆ ಯುದ್ಧದ ಲೆಕ್ಕವೇ ಬೇರೆ ಆಗ್ತಿತ್ತು. ನೇವಿಯವರ ಮನೆ ಇರೋ ಕಾರವಾರದಂಥ ಊರಲ್ಲಿ ಆ ಸುದ್ದಿ ಬರೀ ಸುದ್ದಿ ಅಲ್ಲ, ಮನೆಯವರು ಎಲ್ಲಿದ್ದಾರೆ ಅನ್ನೋ ಪ್ರಶ್ನೆ. ಸೈರನ್ ಸೌಂಡ್ ಹಾಕ್ಬೇಡಿ ಅಂತ ಸರ್ಕಾರವೇ ಚಾನೆಲ್‌ಗಳಿಗೆ ಹೇಳ್ಬೇಕಾಗಿ ಬಂತು.

ಟಿವಿ ಬಿಟ್ಟು ಗಂಭೀರ ವೇದಿಕೆಗಳಿಗೆ ಬಂದ್ರೆ ಅಲ್ಲಿ ಬೇರೆ ಕಥೆ. ಡೆಲ್ಲಿಯಲ್ಲಿ ವಿದೇಶಾಂಗ ವಿಷಯದ ಅಧ್ಯಯನಕ್ಕೆ 1943ರಲ್ಲಿ ಶುರುವಾದ ಐಸಿಡಬ್ಲ್ಯೂಎ ಇದೆ, ಸಪ್ರು ಹೌಸ್ ಅಂತ ಹೇಳ್ತಾರೆ. ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ನಡೆಯೋ ರಕ್ಷಣಾ ಅಧ್ಯಯನ ಸಂಸ್ಥೆ ಐಡಿಎಸ್‌ಎ 1965ರಿಂದ ಇದೆ, ಈಗ ಮನೋಹರ್ ಪರ್ರಿಕರ್ ಹೆಸರಿಟ್ಟಿದ್ದಾರೆ. ಓಆರ್‌ಎಫ್ ಅನ್ನೋ ಅಧ್ಯಯನ ಸಂಸ್ಥೆಯವರು ವಿದೇಶಾಂಗ ಇಲಾಖೆ ಜೊತೆ ಸೇರಿ 2016ರಿಂದ ರೈಸಿನಾ ಡೈಲಾಗ್ ಅನ್ನೋ ಸಮ್ಮೇಳನ ನಡೆಸ್ತಾರೆ, ನಮ್ಮ ಬೆಂಗಳೂರಿನಲ್ಲೂ ತಕ್ಷಶಿಲಾ, ನಿಯಾಸ್ ಅನ್ನೋ ಇಂಥ ಸಂಸ್ಥೆಗಳಿವೆ. ಒಳ್ಳೆ ಕೆಲಸವೂ ಆಗ್ತದೆ, ಸುಳ್ಳು ಹೇಳ್ಬಾರದು. ಆದರೆ ಯಾವ ಸಂಸ್ಥೆಗೆ ಯಾರ ದುಡ್ಡು ಅಂತ ತಿಳ್ಕೊಂಡು ಕೇಳಿದ್ರೆ ಅರ್ಧ ಅರ್ಥ ಅಲ್ಲೇ ಆಗ್ತದೆ. ಇಲಾಖೆಯ ದುಡ್ಡಿದ್ದಲ್ಲಿ ಇಲಾಖೆಯ ತೀರ್ಮಾನವನ್ನು ಟೀಕೆ ಮಾಡೋ ಮಾತು ಮೆತ್ತಗಿರ್ತದೆ, ಕಂಪನಿ ದುಡ್ಡಿದ್ದಲ್ಲಿ ಆ ಕಂಪನಿಯ ಧಂದೆಗೆ ತಾಗೋ ಮಾತು ಮೆತ್ತಗಿರ್ತದೆ. ನನಗೆ ಅದಕ್ಕಿಂತ ದೊಡ್ಡ ಕೊರತೆ ಅನಿಸೋದು, ಈ ವೇದಿಕೆಗಳಲ್ಲಿ ನಿವೃತ್ತ ರಾಯಭಾರಿ ಇರ್ತಾರೆ, ಜನರಲ್ ಇರ್ತಾರೆ, ಪ್ರೊಫೆಸರ್ ಇರ್ತಾರೆ, ಅಡಿಕೆ ಸೊಸೈಟಿಯವರೋ ಬೋಟ್ ಯೂನಿಯನ್‌ನವರೋ ಕೂತದ್ದನ್ನು ನಾನಂತೂ ನೋಡಿಲ್ಲ. ಹಿಂದೂ ಮಹಾಸಾಗರದ ಬಗ್ಗೆ ದಿನವಿಡೀ ಮಾತಾಡಿ ಆ ಸಾಗರದಲ್ಲಿ ದಿನವೂ ಇರೋನನ್ನು ಕೇಳೋದಿಲ್ಲ ಅಂದ್ರೆ ಹೇಗೆ?

ಒಂದು ಸಾದಾ ಪರೀಕ್ಷೆ ಇದೆ, ನಾನು ಮಾಡೋದು ಇದನ್ನೇ. ಮಾತಾಡುವವರು ಒಂದು ನೀತಿಯನ್ನು ಹೊಗಳುವಾಗ ಅದರಿಂದ ಆಗೋ ನಷ್ಟವನ್ನೂ ಬಾಯಿ ಬಿಟ್ಟು ಹೇಳಿದ್ರೆ ಅವರ ಮಾತು ಮುಂದೆ ಕೇಳ್ತೇನೆ. ಹಾಗೇ ಬೈಯುವಾಗ, ಸರ್ಕಾರ ಅದನ್ನು ಬಿಟ್ಟು ಬೇರೆ ಎಂತ ಮಾಡಬಹುದಿತ್ತು, ಅದಕ್ಕೆ ಎಷ್ಟು ಖರ್ಚು ಬೀಳ್ತಿತ್ತು ಅಂತ ಹೇಳಿದ್ರೂ ಕೇಳ್ತೇನೆ. ಎರಡೂ ಇಲ್ಲದಿದ್ರೆ ಚಾನೆಲ್ ಬದಲು ಮಾಡೋದು, ಯಕ್ಷಗಾನ ಬರ್ತಿದ್ರೆ ಅದು.

ಚರ್ಚೆ ಹೀಗಾಗೋದಕ್ಕೆ ನಮ್ಮ ವ್ಯವಸ್ಥೆಯಲ್ಲೂ ಕಾರಣ ಇದೆ. ಬೇರೆ ದೇಶದ ಜೊತೆ ಒಪ್ಪಂದ ಮಾಡೋದಕ್ಕೆ ನಮ್ಮಲ್ಲಿ ಸಂಸತ್ತಿನ ಒಪ್ಪಿಗೆ ಕಡ್ಡಾಯ ಅಲ್ಲ. ಒಪ್ಪಂದ ಕೇಂದ್ರ ಪಟ್ಟಿಯ 14ನೇ ವಿಷಯ, ಕೃಷಿ ರಾಜ್ಯದ ವಿಷಯ. 253ನೇ ವಿಧಿಯ ಪ್ರಕಾರ ಒಪ್ಪಂದ ಜಾರಿಗೆ ಸಂಸತ್ತು ಯಾವ ವಿಷಯದ ಮೇಲೂ ಕಾನೂನು ಮಾಡಬಹುದು, ರಾಜ್ಯದ ವಿಷಯವಾದ್ರೂ ಸರಿ. ಅಂದ್ರೆ ಅಡಿಕೆ ಬೆಳೆಯ ಜವಾಬ್ದಾರಿ ಬೆಂಗಳೂರಿಗೆ, ಅದರ ಗಡಿ ತೆಗೆಯೋ ಅಧಿಕಾರ ಡೆಲ್ಲಿಗೆ. ಅಮೆರಿಕದಲ್ಲಿ ಟ್ರೀಟಿ ಅಂದ್ರೆ ಸೆನೆಟ್‌ನ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಇಲ್ಲಿ ಕ್ಯಾಬಿನೆಟ್ ಒಪ್ಪಿದ್ರೆ ಆಯ್ತು. ಇದನ್ನು ಬದಲು ಮಾಡ್ಬೇಕು ಅಂತ ಖಾಸಗಿ ಮಸೂದೆಗಳು ಬಂದದ್ದುಂಟು, ಪಾಸಾಗಲಿಲ್ಲ. ಭೂತಾನದ ಅಡಿಕೆಗೆ ಅಷ್ಟೂ ಬೇಕಾಗಲಿಲ್ಲ, ಒಂದು ಅಧಿಸೂಚನೆ ಸಾಕಾಯ್ತು. ಮೊದಲೇ ಚರ್ಚೆ ಮಾಡೋ ಜಾಗ ಇಲ್ಲದಿದ್ರೆ ಜನ ಆದ ಮೇಲೆ ಕೂಗ್ತಾರೆ, ಬೇರೆ ದಾರಿ ಎಲ್ಲಿದೆ.

ಕೂಗಿದ್ರೆ ಆಗೋದೇ ಇಲ್ಲ ಅಂತಲೂ ಅಲ್ಲ. ಆರ್‌ಸಿಇಪಿ ಅನ್ನೋ ಏಷ್ಯಾ ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದ ನೆನಪಿದೆಯಲ್ಲ, 15 ದೇಶದ ಜೊತೆ ಏಳು ವರ್ಷ ಮಾತುಕತೆ ಆಗಿ 2019ರ ನವೆಂಬರ್ 4ಕ್ಕೆ ಬ್ಯಾಂಕಾಕ್‌ನಲ್ಲಿ ಭಾರತ ಹೊರಗೆ ಬಂತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದ್ರೆ ನಮ್ಮ ಡೈರಿ ಕಥೆ ಮುಗೀತು ಅಂತ ಹಾಲಿನವರು ದೇಶದ ತುಂಬ ಎದ್ದು ನಿಂತದ್ದು ಅದಕ್ಕೊಂದು ಕಾರಣ. ಹಾಲಿನವರ ಹತ್ತಿರ ಸಂಘಟನೆ ಇತ್ತು, ಅಂಕಿ ಅಂಶ ಇತ್ತು, ಪ್ರತಿ ಹಳ್ಳಿಯಲ್ಲಿ ವೋಟು ಇತ್ತು. ಹೊರಗೆ ಬಂದದ್ದು ಸರಿಯಾ ತಪ್ಪಾ ಅಂತ ಅರ್ಥಶಾಸ್ತ್ರದವರು ಈಗಲೂ ಜಗಳ ಆಡ್ತಾರೆ, ಅದು ಬೇರೆ.

ಹೀಗೆ ಸಂಘಟನೆ ಇಲ್ಲದವರಿಗೆ ಎಂತಾಗ್ತದೆ ಅನ್ನೋದಕ್ಕೆ ಕಾರವಾರ ನೌಕಾನೆಲೆಯ ಸೀಬರ್ಡ್ ಯೋಜನೆ ಇದೆ. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿದ್ರು, 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಅನ್ನೋ ಹೆಸರಲ್ಲಿ ನೆಲೆ ಶುರುವಾಯ್ತು, ಮುಂಬೈ ಒಂದರ ಮೇಲೇ ಪಶ್ಚಿಮದ ನೌಕಾಪಡೆ ನಿಲ್ಲಬಾರದು ಅನ್ನೋ ಲೆಕ್ಕಾಚಾರ ಸರಿಯಾಗೇ ಇತ್ತು. ಅದಕ್ಕೆ ಕಾರವಾರ, ಅಂಕೋಲಾ ತಾಲೂಕಿನ ಸಾವಿರಾರು ಕುಟುಂಬ ಮನೆ, ಗದ್ದೆ, ದೋಣಿ ಎಳೆಯೋ ದಂಡೆ ಬಿಟ್ಟು ಎದ್ದು ಹೋದ್ವು, ಪರಿಹಾರದ ಕೇಸು ದಶಕಗಟ್ಟಲೆ ಕೋರ್ಟಿನಲ್ಲಿ ತಿರುಗಿತು. ಸುನಯನಾ ಹೊರಟ ಸುದ್ದಿಯ ಜೊತೆ ಇದನ್ನೂ ಒಂದು ಸಾಲು ಹಾಕಬಹುದಿತ್ತು.

ಮುಂದಿನ ಬಿಲ್ ಯಾವುದು ಅಂತ ಈಗಲೇ ಕಾಣ್ತಾ ಇದೆ. 2022ರ ಜೂನ್‌ನಲ್ಲಿ ಜಿನೀವಾದಲ್ಲಿ ಡಬ್ಲ್ಯೂಟಿಒ ಮೀನುಗಾರಿಕೆ ಸಬ್ಸಿಡಿ ಒಪ್ಪಂದ ಮಾಡ್ತು, ಮೂರರಲ್ಲಿ ಎರಡು ಪಾಲು ದೇಶಗಳು ಒಪ್ಪಿದ ಮೇಲೆ 2025ರ ಸೆಪ್ಟೆಂಬರ್ 15ಕ್ಕೆ ಜಾರಿಗೂ ಬಂತು, ಆ ದಿನಕ್ಕೆ ಭಾರತ ಒಪ್ಪಿದವರ ಪಟ್ಟಿಯಲ್ಲಿ ಇರಲಿಲ್ಲ. ಕಳ್ಳ ಮೀನುಗಾರಿಕೆಗೆ, ಈಗಾಗಲೇ ಬರಿದಾದ ಮೀನಿನ ರಾಶಿ ಹಿಡಿಯೋದಕ್ಕೆ ಸಬ್ಸಿಡಿ ಕೊಡಬಾರದು ಅನ್ನೋದು ಇದರ ಸಾರ. ಎರಡನೇ ಭಾಗದ ಮಾತುಕತೆ ಇನ್ನೂ ಮುಗಿದಿಲ್ಲ, ಅದು ಅತಿಯಾಗಿ ಹಿಡಿಯೋದಕ್ಕೆ ದಾರಿ ಮಾಡೋ ಸಬ್ಸಿಡಿಯದ್ದು, ಅಂದ್ರೆ ಡೀಸೆಲ್, ಬೋಟು, ಎಂಜಿನ್. ದೂರದ ಸಮುದ್ರಕ್ಕೆ ಹೋಗಿ ಗುಡಿಸಿ ತರೋ ಶ್ರೀಮಂತ ದೇಶಗಳು ಮೊದಲು ನಿಲ್ಲಿಸಲಿ, ನಮಗೆ 25 ವರ್ಷ ಟೈಮ್ ಕೊಡಿ ಅನ್ನೋದು ಭಾರತದ ವಾದ, ನ್ಯಾಯವಾದದ್ದೇ. ಆದರೆ ನಮ್ಮಲ್ಲಿ ಟ್ರಾಲ್ ಬೋಟಿಗೆ ತೆರಿಗೆ ಬಿಟ್ಟ ಡೀಸೆಲ್ ಸಿಗ್ತದೆ, ನಾಡದೋಣಿಯವರಿಗೆ ಸಬ್ಸಿಡಿ ಸೀಮೆಎಣ್ಣೆ, ಇಬ್ಬರೂ ಒಂದೇ ಸಾಲಿನಲ್ಲಿ ಬರ್ತಾರಾ ಬೇರೆ ಬೇರೆಯಾ, ಜೂನ್ ಜುಲೈನ 61 ದಿನದ ಟ್ರಾಲಿಂಗ್ ನಿಷೇಧವನ್ನು ನಮ್ಮ ಪರವಾಗಿ ಲೆಕ್ಕಕ್ಕೆ ಹಿಡೀತಾರಾ ಇಲ್ವಾ, ಈ ಮಾತು ಬೈತಖೋಲದ ಯೂನಿಯನ್ ಮೀಟಿಂಗಿನಲ್ಲಿ ಈಗಲೇ ಆಗಬೇಕಾದದ್ದು. ಅಲ್ಲಿಂದ ಸಂಸದರಿಗೆ ಹೋಗಿ, ಲೋಕಸಭೆಯಲ್ಲಿ ಲಿಖಿತ ಪ್ರಶ್ನೆಯಾಗಿ ಬಿದ್ರೆ ಇಲಾಖೆ ಉತ್ತರ ಕೊಡ್ಲೇಬೇಕು, ಆ ಉತ್ತರ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗ್ತದೆ. ಸಹಿ ಬಿದ್ದ ಮೇಲೆ ಕೇಳಿದ್ರೆ ಡೆಲ್ಲಿಯವರು ಜಿನೀವಾ ಕಡೆ ಕೈ ತೋರಿಸ್ತಾರೆ.